ಹಳದಿ ದಾರ

ಅಕ್ಟೋಬರ್ ೬

ಅಮ್ಮಾ,

ಈ ಕಾಗದದ ಜೊತೆಗೇ ಒಂದು ದೊಡ್ಡ ಪೊಟ್ಟಣ ಬರುತ್ತದೆ. ಮೊದಲು ಕಾಗದ ಓದು, ಆಮೇಲೆ ಕತ್ತರಿ ಹಿಡಿ. ಅತ್ತೆಯ ಕೈಗೆ ಕತ್ತರಿ ಕೊಡಬೇಡ. ಹೋದ ಸಲ ಅವರು ಪೊಟ್ಟಣ ಬಿಚ್ಚುವ ಭರದಲ್ಲಿ ಒಳಗಿದ್ದ ದಿಂಬಿನ ಚೀಲವನ್ನೂ ಬಿಚ್ಚಿದ್ದರು.

ಒಳಗಿರುವುದು ಕೋಟು, ನಾನೇ ಹೊಲಿದದ್ದು. ಈ ಚಳಿಗಾಲಕ್ಕೆ ನಮ್ಮ ಕಂಪನಿ ತರುವ ಬಟ್ಟೆಗಳಲ್ಲಿ ಇದೇ ಮುಖ್ಯವಾದದ್ದು. ಏನನ್ನೇ ಆಗಲಿ ನಮ್ಮ ಸ್ಯಾಂಪಲ್ ಕೋಣೆಯಲ್ಲಿ ಮೊದಲು ಒಂದೆರಡು ಹೊಲಿದು ನೋಡುತ್ತೇವೆ, ಮೇಡಂ ಒಪ್ಪಿದ ಮೇಲೆ ಅದು ಕಾರ್ಖಾನೆಗೆ ಹೋಗುತ್ತದೆ. ಇಷ್ಟು ದಿನ ನನ್ನ ಪಾಲಿಗೆ ಬರುತ್ತಿದ್ದದ್ದು ಕಾಲರ್, ಜೇಬು, ಗುಂಡಿ ತೂರಿಸುವ ಕಾಜಾ, ಇಷ್ಟೇ. ಇದು ಮೊದಲಿನಿಂದ ಕೊನೆಯವರೆಗೆ ನಾನೊಬ್ಬಳೇ ಹೊಲಿದ ಮೊದಲ ಬಟ್ಟೆ. ಎರಡು ಹೊಲಿದೆ. ಎರಡನೆಯದನ್ನು ಮೇಡಂ ಇಟ್ಟುಕೊಂಡರು, ಮೊದಲನೆಯದು ನಿನಗೆ.

ಬಣ್ಣ ನೋಡಿ ಹೆದರಬೇಡ. ನಿಂಬೆಹಣ್ಣಿನ ಹಳದಿ, ಈ ಸಲದ ಬಣ್ಣವೇ ಅದು. ಹೆಗಲು ಅಗಲ, ಕಾಲರ್ ದೊಡ್ಡದು, ಮೊಣಕಾಲು ದಾಟುವ ಉದ್ದ. ಹಾಕಿಕೊಳ್ಳುವ ರೀತಿ ಹೇಳುತ್ತೇನೆ ಕೇಳು, ಅಂಗಡಿಗೆ ಬರುವವರಿಗೂ ನಾವು ಇದನ್ನೇ ಹೇಳುವುದು. ಮೈಮೇಲೆ ಎದ್ದು ಕಾಣುವುದು ಒಂದೇ ಇರಬೇಕು, ಉಳಿದದ್ದೆಲ್ಲ ಸುಮ್ಮನಿರಬೇಕು. ಆ ಲೆಕ್ಕದಲ್ಲಿ ನಿನ್ನ ಬೂದಿ ಬಣ್ಣ, ಮಣ್ಣು ಬಣ್ಣ, ಇಲಿ ಬಣ್ಣದ ಬಟ್ಟೆಗಳೆಲ್ಲ ಈ ಕೋಟಿಗಾಗಿಯೇ ಇಷ್ಟು ವರ್ಷ ಕಾದು ಕೂತಿದ್ದವು. ಕತ್ತು ನೆಟ್ಟಗಿರಲಿ. ಕೈ ಎಲ್ಲಿಡಬೇಕೆಂದು ತೋಚದೆ ಜನ ಮುದುಡಿಕೊಳ್ಳುತ್ತಾರೆ, ಅದಕ್ಕೇ ಜೇಬು ದೊಡ್ಡದಾಗಿ ಇಟ್ಟಿದ್ದೇನೆ. ಕೈ ಅಲ್ಲಿ ಹಾಕು. ಜನ ನಿನ್ನನ್ನು ನೋಡುವ ಮೊದಲು ನೀನೇ ಅವರನ್ನು ನೋಡು. ಇಷ್ಟು ಮಾಡಿದರೆ ಯಾರಿಗೆ ಏನು ಬೇಕಾದರೂ ಒಪ್ಪುತ್ತದೆ.

ಫೋನ್ ಮಾಡಬಾರದಾಗಿತ್ತೇ ಎಂದು ಅತ್ತೆ ಕೇಳುತ್ತಾರೆ, ಗೊತ್ತು. ದಿನವಿಡೀ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿ ಕೂಗಿ, ನಾನು ಹಲೋ ಎಂದರೆ ನೀನು ‘ಪ್ರಯಾಣಿಕರ ಗಮನಕ್ಕೆ’ ಎನ್ನುವ ಧಾಟಿಯಲ್ಲೇ ‘ಊಟ ಆಯಿತೇ’ ಎನ್ನುತ್ತೀಯ. ಕಾಗದದಲ್ಲಾದರೆ ಅಮ್ಮ ಸಿಗುತ್ತಾಳೆ.

ಹಾಕಿಕೊಂಡು ನೋಡಿ ಬರೆ.

ನಿನ್ನ
ಮಿಣುಕಿ


ಅಕ್ಟೋಬರ್ ೧೯

ಮಿಣುಕಿ,

ಕೋಟು ಬಂತು. ಕತ್ತರಿ ನಾನೇ ಹಿಡಿದೆ. ಬಿಚ್ಚಿದ ಕೂಡಲೇ ಕೋಣೆಯಲ್ಲಿ ದೀಪ ಹಾಕಿದ ಹಾಗಾಯಿತು. ನಿಮ್ಮತ್ತೆ ಬಾಗಿಲಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು, “ಯಾರದಮ್ಮಾ ಇದು, ರಸ್ತೆ ರಿಪೇರಿಯವರದಾ?” ಎಂದರು. ಆಮೇಲೆ ಹತ್ತಿರ ಬಂದು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಬಟ್ಟೆ ಗಟ್ಟಿಯಾಗಿದೆ, ಹುಡುಗಿ ಕೈ ಚೆನ್ನಾಗಿದೆ” ಎಂದರು. ನಿಮ್ಮಪ್ಪ ಹೋದ ಮೇಲೆ ಅವರ ಅಕ್ಕನ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದದ್ದು ಇದೇ ಮೊದಲು, ಎಲ್ಲಾದರೂ ಗುರುತು ಹಾಕಿಕೋ.

ಕೆಲಸಕ್ಕೂ ಹಾಕಿಕೊಂಡು ಹೋದೆ. ನಿಲ್ದಾಣದ ಕಂಟ್ರೋಲರ್ ಚೆನ್ನಾಗಿದೆ ಎಂದರು. ಟಿಕೆಟ್ ಕೌಂಟರಿನವರೂ ಚೆನ್ನಾಗಿದೆ ಎಂದರು. ನನಗೂ ಚೆನ್ನಾಗಿದೆ ಎನಿಸಿತು. ಈಗ ದಿನಾ ಹಾಕಿಕೊಳ್ಳುತ್ತೇನೆ.

ಇಲ್ಲಿ ನಾನು ಮೈಕು ಹಿಡಿದು ಕೂರುವ ಗೂಡಿನ ಗಾಜಿಗೆ ಹೊಸದಾಗಿ ಕಪ್ಪು ಹಾಳೆ ಅಂಟಿಸಿದ್ದಾರೆ. ನನಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನವರಿಗೆ ನಾನು ಕಾಣುವುದಿಲ್ಲ. ಇಷ್ಟು ವರ್ಷಕ್ಕೆ ನನಗೊಂದು ಉಪಕಾರ ಮಾಡಿದರು. ಡ್ರೈವರುಗಳೆಲ್ಲ ‘ಮೈಕಮ್ಮ, ಮೈಕಮ್ಮ’ ಎಂದು ವೈರ್‌ಲೆಸ್ಸಿನಲ್ಲಿ ಕರೆಯುತ್ತಾರೆ, ಎದುರಿಗೆ ಸಿಕ್ಕರೆ ಅರ್ಧ ಜನಕ್ಕೆ ನನ್ನ ಮುಖದ ಗುರುತಿಲ್ಲ. ಅದೊಂದು ಸುಖ.

ಬಸ್ಸಿನಲ್ಲಿ ಕಿಟಕಿ ಗಾಳಿಗೆ ಕೂರಬೇಡ. ನಿನಗೆ ತಣ್ಣನೆ ಗಾಳಿ ತಾಗಿದರೆ ಕಿವಿ ನೋಯುತ್ತದೆ.

ಅಮ್ಮ


ನವೆಂಬರ್ ೩

ಅಮ್ಮಾ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ರಸ್ತೆ ರಿಪೇರಿಯ ಮಾತಿಗೆ ಮೇಡಂ ಕೂಡ ನಕ್ಕರು, ಅವರು ನಗುವುದು ಅಪರೂಪ. ನನ್ನ ಎದುರಿಗೇ ಕೂತಿದ್ದ ಮೇಡಂ ಇದ್ದಕ್ಕಿದ್ದಂತೆ ಚಮಚ ಕೆಳಗಿಟ್ಟು, “ಈ ಸಲ ದುಡ್ಡು ಕೊಟ್ಟು ಹುಡುಗೀರನ್ನ ಕರೆಸೋದು ಬೇಡ. ನಿಮ್ಮ ನಿಮ್ಮ ಅಮ್ಮಂದಿರನ್ನ ಕರೀರಿ. ಅವರೇ ಹಾಕ್ಕೊಂಡು ನಡೀಲಿ” ಎಂದರು.

ವಿಷಯ ಇದು. ಡಿಸೆಂಬರ್ ಹದಿನೈದಕ್ಕೆ ನಮ್ಮ ದೊಡ್ಡ ಅಂಗಡಿಯಲ್ಲಿ ಚಳಿಗಾಲದ ಬಟ್ಟೆಗಳನ್ನು ಮೊದಲ ಸಲ ತೋರಿಸುತ್ತಾರೆ. ಕೆಳಗಿನ ಹಾಲಿನಲ್ಲಿ ಎರಡೂ ಕಡೆ ಕುರ್ಚಿ, ನಡುವೆ ಒಂದು ಉದ್ದನೆಯ ದಾರಿ. ಈ ಕಡೆಯಿಂದ ಆ ಕಡೆಗೆ ನಡೆದು ಹೋಗುವುದು, ತಿರುಗಿ ಬರುವುದು, ಅಷ್ಟೇ ಕೆಲಸ. ಪಟ್ಟಿಯಲ್ಲಿ ನಿನ್ನ ಹೆಸರನ್ನು ಮೊದಲನೆಯದಾಗಿ ಬರೆಸಿದ್ದೇನೆ. ನಿನ್ನ ಕೋಟು, ನಿನ್ನ ಮಗಳು ಹೊಲಿದದ್ದು, ಅದನ್ನು ಹಾಕಿಕೊಂಡು ನೀನು ನಡೆಯಬೇಕು. ಅದು ಚೆನ್ನಾಗಿ ನಡೆದರೆ ನನ್ನನ್ನು ಕಾಜಾ ಹೊಲಿಯುವ ಮೇಜಿನಿಂದ ಎಬ್ಬಿಸಿ ಖಾಯಂ ಆಗಿ ಕೋಟುಗಳ ಮೇಜಿಗೆ ಹಾಕುತ್ತಾರಂತೆ.

ಕೋಟು ಹಾಕಿಕೊಂಡ ಒಂದು ಫೋಟೋ ತೆಗೆಸಿ ಕಳಿಸು, ಮೇಡಂ ಕೇಳಿದ್ದಾರೆ.

ನಿನ್ನ
ಮಿಣುಕಿ

ಬರೆಯಲು ಮರೆತಿದ್ದೆ. ಇಲ್ಲಿ ಯಾರಾದರೂ ಕೆಲಸ ಏನು ಎಂದು ಕೇಳಿದರೆ ಪ್ರಸಾರದಲ್ಲಿದ್ದೇನೆ ಎನ್ನು, ಸಾಕು. ಅದು ಸುಳ್ಳೇನೂ ಅಲ್ಲವಲ್ಲ. ಬಸ್ ನಿಲ್ದಾಣ, ಮೈಕು ಎಂದೆಲ್ಲ ಹೇಳುತ್ತಾ ಕೂತರೆ ಅವರಿಗೆ ಅರ್ಥವಾಗುವುದಿಲ್ಲ.


ನವೆಂಬರ್ ೧೪

ಮಿಣುಕಿ,

ಕಾಗದ ತಲುಪಿತು. ಫೋಟೋ ತೆಗೆಸಲಾಗಲಿಲ್ಲ. ಡಿಸೆಂಬರಿನಲ್ಲಿ ರಜೆ ಕೊಡುವುದು ಕಷ್ಟ ಎಂದು ಕಂಟ್ರೋಲರ್ ಹೇಳಿದ್ದಾರೆ, ನನ್ನ ಬದಲಿಗೆ ಕೂರುವ ಹುಡುಗಿಗೆ ಊರುಗಳನ್ನು ಸಾಲಾಗಿ ಹೇಳುವಾಗ ಉಸಿರು ಸಾಲುವುದಿಲ್ಲ. ನಿಮ್ಮ ಮೇಡಂ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ಪ್ರಸಾರ ಎಂಬ ಮಾತು ನಿಮ್ಮತ್ತೆಗೆ ತುಂಬ ಹಿಡಿಸಿತು. ಬೆಳಿಗ್ಗೆ ನಾನು ಬುತ್ತಿ ತೆಗೆದುಕೊಂಡು ಹೊರಟರೆ, “ಪ್ರಸಾರಕ್ಕೆ ಹೊರಟ್ಯಾ?” ಎನ್ನುತ್ತಾರೆ. ತಿರುಗಿ ಬಂದರೆ, “ಪ್ರಸಾರ ಮುಗೀತಾ?” ಎನ್ನುತ್ತಾರೆ. ನಾನು ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸಕ್ಕೆ ಇಷ್ಟು ಒಳ್ಳೆಯ ಬಟ್ಟೆ ಇದೆಯೆಂದು ಗೊತ್ತಿರಲಿಲ್ಲ. ನೀನು ಹೊಲಿಯುವವಳು, ನಿನಗೆ ಗೊತ್ತಾಗುತ್ತದೆ.

ಪ್ರಸಾರದಿಂದ,
ಅಮ್ಮ


ನವೆಂಬರ್ ೨೨

ಅಮ್ಮಾ,

ಎರಡು ದಿನ ನಿನ್ನ ಕಾಗದವನ್ನು ಮಡಿಸುವುದು, ಬಿಡಿಸುವುದು ಮಾಡಿದೆ. ನಿನಗೆ ಸಿಟ್ಟು ಬಂದಿದೆ. ಬರಬೇಕಾದದ್ದೇ.

ಅದು ಹೇಗಾಯಿತು ಎಂದರೆ, ನಾನು ಸೇರಿದ ಹೊಸದರಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ನನ್ನ ಪಕ್ಕದ ಮೇಜಿನವಳ ಅಮ್ಮ ಡಾಕ್ಟರು. ಎಲ್ಲರೂ ಅವಳನ್ನು ಡಾಕ್ಟರ ಮಗಳು ಎಂದೇ ಕರೆಯುವುದು. ಅವಳೇ ಕೇಳಿದಳು, “ನಿಮ್ಮಮ್ಮ ಏನ್ ಮಾಡ್ತಾರೆ?” ಎಂದು. ಕೇಳಿದ್ದರಲ್ಲಿ ಕೊಂಕಿರಲಿಲ್ಲ. ನನ್ನ ಬಾಯಿಗೆ ಬಂದದ್ದು ಪ್ರಸಾರ. “ಓಹ್, ರೇಡಿಯೋನಾ?” ಎಂದಳು. ನಾನು ಅಲ್ಲ ಎನ್ನಲಿಲ್ಲ. ಅಷ್ಟೇ ನಾನು ಮಾಡಿದ್ದು, ಅಲ್ಲ ಎನ್ನದೇ ಇದ್ದದ್ದು. ಆಮೇಲೆ ಅದು ನಿಜವಾಗಿ ಬೆಳೆದುಬಿಟ್ಟಿತು. ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಆದರೆ ಅಮ್ಮ, ನೀನೂ ಒಂದು ಮಾತಿಗೆ ಉತ್ತರ ಕೊಡು. ನಿನ್ನೆ ಅತ್ತೆ ಫೋನ್ ಮಾಡಿದ್ದರು. ಚಳಿ ಹೇಗಿದೆ ಎಂದು ಕೇಳಿದೆ, “ಇದೆ ಕಣೇ, ನಿಮ್ಮಮ್ಮ ಹಳೇ ಸ್ವೆಟರಲ್ಲೇ ನಡುಗ್ತಾ ಓಡಾಡ್ತಾಳೆ” ಎಂದರು. ಕೋಟು ಎಲ್ಲಿ ಎಂದೆ. “ಬಾಗಿಲ ಹಿಂದೆ ನೇತಾಡ್ತಿದೆ. ನಾನು ದಿನಾ ಬೆಳಗಾದರೆ ಯಾರೋ ಬಂದು ನಿಂತಿದ್ದಾರೆ ಅಂತ ಬೆಚ್ಚಿಬೀಳ್ತೀನಿ” ಎಂದರು.

ಕಂಟ್ರೋಲರ್ ಚೆನ್ನಾಗಿದೆ ಎಂದರಂತೆ, ಟಿಕೆಟ್ ಕೌಂಟರಿನವರೂ ಚೆನ್ನಾಗಿದೆ ಎಂದರಂತೆ. ನಾನು ಅದನ್ನು ಎಲ್ಲರೆದುರು ಓದಿದೆ. ನೀನು ಹಾಕಿಕೊಳ್ಳುವುದಿಲ್ಲ ಎಂದು ಬರೆದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಮಿಣಮಿಣ ಎನ್ನುವುದೆಲ್ಲ ನನಗೆ ಬೇಕು ಎಂದು ಹಟ ಮಾಡುತ್ತಿದ್ದೆ ಎಂದು ನೀನೇ ಮಿಣುಕಿ ಎಂದು ಕರೆದೆ. ಆಗ ನಗುತ್ತಾ ಕರೆದದ್ದೋ, ಬೈದದ್ದೋ, ನನಗೆ ಈಗ ಅನುಮಾನ ಬರುತ್ತಿದೆ. ನನಗೆ ನಿನ್ನ ಕೆಲಸ ನಾಚಿಕೆ ಎನ್ನುತ್ತೀಯಲ್ಲ, ನನ್ನ ಕೆಲಸವೂ ನಿನಗೆ ನಾಚಿಕೆಯೇ ಇರಬೇಕು.

ಒಂದು ದಿನವಾದರೂ ಹಾಕಿಕೊಂಡೆಯೋ ಇಲ್ಲವೋ, ಅಷ್ಟು ಹೇಳು.

ಮಿಣುಕಿ


ಡಿಸೆಂಬರ್ ೨

ಮಿಣುಕಿ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ಓದಿದಾಗ ನಾನು ಮುಟ್ಟಿ ನೋಡಿಕೊಳ್ಳುವ ಹಾಗೂ ಇರಲಿಲ್ಲ, ಕಾಯಿ ಹೆಗಲ ಮೇಲೇ ಇತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಪೊಟ್ಟಣ ಬಂದ ಮರುದಿನ ಬೆಳಿಗ್ಗೆ ಹಾಕಿಕೊಂಡು ಹೊರಟದ್ದು ನಿಜ. ನೀನು ಹೇಳಿದ ಹಾಗೆಯೇ ಕತ್ತು ನೆಟ್ಟಗೆ, ಕೈ ಜೇಬಿನಲ್ಲಿ. ಮೂಲೆಯ ಕ್ಷೌರದಂಗಡಿಯ ತನಕ ಹೋದೆ. ಅದರ ಬಾಗಿಲಿಗೆ ಉದ್ದನೆಯ ಕನ್ನಡಿ ಇದೆಯಲ್ಲ, ಅದರಲ್ಲಿ ಯಾರೋ ಹೆಂಗಸು ಬರುತ್ತಿದ್ದಳು. ಯಾರಪ್ಪ ಇವಳು, ಈ ವಯಸ್ಸಿಗೆ ಇಷ್ಟು ಧೈರ್ಯ ಎಂದುಕೊಂಡೆ. ಆಮೇಲೆ ಅದು ನಾನೇ ಎಂದು ಗೊತ್ತಾಯಿತು. ಒಳಗೆ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಿದ್ದವರು ಕತ್ತು ತಿರುಗಿಸಿ ನೋಡಿದರು. ಕ್ಷೌರಿಕ ಅವರ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿ, “ಅಲ್ಲಾಡ್ಬೇಡಿ ಸಾರ್, ಕತ್ತಿ ತಾಗುತ್ತೆ” ಎಂದ. ಎಂದವನು ತಾನೂ ನೋಡಿದ. ಯಾರೂ ನಗಲಿಲ್ಲ ಮಗಳೇ. ನಕ್ಕಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಮುಂದೆ ಹೋಗುತ್ತಿದ್ದೆನೇನೋ. ಅವರು ಸುಮ್ಮನೆ ನೋಡಿದರು. ಅಷ್ಟಕ್ಕೇ ನನ್ನ ಕಾಲು ನಿಂತುಬಿಟ್ಟಿತು.

ಅಲ್ಲೇ ಬಿಚ್ಚಿ, ಒಳಮೈ ಹೊರಗೆ ಮಾಡಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡೆ. ಒಳಗಿನ ಅಸ್ತರನ್ನೂ ಹಳದಿಯದೇ ಹಾಕಿದ್ದೀಯಲ್ಲ ತಾಯಿ, ಬಚ್ಚಿಡಲು ಎಡೆಯೇ ಇರಲಿಲ್ಲ. ಮನೆಗೆ ಬಂದು ಬಾಗಿಲ ಹಿಂದೆ ನೇತು ಹಾಕಿ ಹಳೆಯ ಸ್ವೆಟರ್ ಹಾಕಿಕೊಂಡು ಹೋದೆ. ಆವತ್ತು ಮೊದಲ ಬಸ್ಸಿನ ಹೊತ್ತಿಗೆ ಮೈಕು ತಡವಾಯಿತು.

ನಿನ್ನ ಕೆಲಸ ನನಗೆ ನಾಚಿಕೆಯಲ್ಲ. ನನ್ನನ್ನು ನೋಡುತ್ತಾರಲ್ಲ, ಅದು ನಾಚಿಕೆ. ಹೆಣ್ಣುಮಕ್ಕಳು ಎದ್ದು ಕಾಣಬಾರದು ಎಂದು ನನ್ನ ಅಮ್ಮ ನನಗೆ ಹೇಳಿ ಬೆಳೆಸಿದಳು. ಅದನ್ನು ನಿನಗೆ ಹೇಳಬಾರದು ಎಂದು ನಾನು ನಿರ್ಧಾರ ಮಾಡಿದ್ದೆ, ಹೇಳಲೂ ಇಲ್ಲ. ಆದರೆ ನನ್ನ ಒಳಗಿನಿಂದ ಅದನ್ನು ತೆಗೆಯುವುದು ಬಿಟ್ಟುಹೋಯಿತು.

ಇನ್ನು ಕೆಟ್ಟ ಸುದ್ದಿ. ನಿನ್ನ ಕಾಗದ ಓದಿ, ಏನಾದರಾಗಲಿ ಹದಿನೈದಕ್ಕೆ ಹೋಗಲೇಬೇಕು ಎಂದುಕೊಂಡೆ. ಕೋಟು ಕಪ್ಪಗಿದ್ದರೆ ಹಾಕಿಕೊಂಡು ನಡೆಯಬಲ್ಲೆ ಎನಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ನನ್ನ ಉಪಾಯ. ಅಂಗಡಿಯಿಂದ ಕಪ್ಪು ಬಣ್ಣದ ಪುಡಿ ತಂದೆ. ನೀರು ಕಾಯಿಸುವ ದೊಡ್ಡ ಪಾತ್ರೆಯಲ್ಲಿ ಹಾಕಿ, ನಾನು ಒಲೆ ನೋಡಿಕೊಂಡೆ, ನಿಮ್ಮತ್ತೆ ಕೋಲು ಹಿಡಿದು ತಿರುವಿದರು. ಇಬ್ಬರ ಕೈಯೂ ಮೊಣಕೈವರೆಗೆ ಕಪ್ಪಾಯಿತು. ಕೋಟೂ ಚೆನ್ನಾಗಿ ಕಪ್ಪಾಯಿತು. ಒಣಗಿದ ಮೇಲೆ ನೋಡಿದರೆ, ಬಟ್ಟೆ ಬಣ್ಣ ಕುಡಿದಿದೆ, ದಾರ ಕುಡಿದಿಲ್ಲ. ಬಟ್ಟೆ ಹತ್ತಿಯದು, ದಾರ ಪಾಲಿಯೆಸ್ಟರೋ ಎಂಥದೋ, ಅದಕ್ಕೆ ಈ ಬಣ್ಣ ಹತ್ತುವುದಿಲ್ಲವಂತೆ, ಅಂಗಡಿಯವನು ಆಮೇಲೆ ಹೇಳಿದ. ನೀನು ಹಾಕಿದ ಒಂದೊಂದು ಹೊಲಿಗೆಯೂ ಕಪ್ಪಿನ ಮೇಲೆ ಹಳದಿಯಾಗಿ ಉಳಿದಿದೆ. ಕಾಲರ್ ಸುತ್ತ, ಜೇಬಿನ ಅಂಚು, ಕಾಜಾ, ಎಲ್ಲ ಕಾಣುತ್ತದೆ. ಎಡತೋಳಿನಲ್ಲಿ ಒಂದು ಕಡೆ ಹೊಲಿಗೆ ಸೊಟ್ಟಗಾಗಿ, ನೀನು ಬಿಚ್ಚಿ ಮತ್ತೆ ಹೊಲಿದದ್ದೂ ಕಾಣುತ್ತದೆ. ಹಳದಿಯಾಗಿದ್ದಾಗ ಅದು ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿಮ್ಮತ್ತೆ ಬಹಳ ಹೊತ್ತು ನೋಡಿ, “ಮುಚ್ಚೋಕೆ ಹೋಗಿ ಇನ್ನೂ ಜಾಸ್ತಿ ತೋರಿಸಿದ್ವಿ” ಎಂದು ಕೈ ತೊಳೆಯಲು ಹೋದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ನಿನ್ನ ಮೊದಲ ಕೆಲಸವನ್ನು ಹಾಳು ಮಾಡಿದೆ. ನಿನಗೆ ನಾನು ನಾಚಿಕೆ, ನನಗೆ ಕೋಟು ನಾಚಿಕೆ, ಇಬ್ಬರಿಗೂ ಸರಿಹೋಯಿತು ಎಂದು ತಮಾಷೆ ಮಾಡೋಣವೆಂದರೆ ನಗು ಬರುತ್ತಿಲ್ಲ.

ಬಾ ಎಂದರೆ ಇದನ್ನೇ ಹಾಕಿಕೊಂಡು ಬರುತ್ತೇನೆ. ಬೇಡವೆಂದರೆ ಬೇಡ.

ಅಮ್ಮ


ಡಿಸೆಂಬರ್ ೮

ಅಮ್ಮಾ,

ಬರುವುದು ಬೇಡ. ನಿನಗೆ ಹುಷಾರಿಲ್ಲ ಎಂದು ಮೇಡಂಗೆ ಹೇಳಿದ್ದೇನೆ. ಎರಡನೆಯ ಕೋಟು ಇದೆಯಲ್ಲ, ಅದನ್ನು ಡಾಕ್ಟರ ಮಗಳ ಅಮ್ಮ ಹಾಕಿಕೊಳ್ಳುತ್ತಾರೆ. ನಾನು ಹೊಲಿದ ಅಳತೆಗೆ ಅವರು ಸರಿಹೋಗುತ್ತಾರೆ.

ಕೋಟಿನ ವಿಷಯ ಬಿಡು. ಬಟ್ಟೆ ತಾನೇ.

ಮಿಣುಕಿ


ಡಿಸೆಂಬರ್ ೨೦

ಮಿಣುಕಿ,

ನಿಮ್ಮ ಕಾರ್ಯಕ್ರಮ ಚೆನ್ನಾಗಿ ಆಗಿರಬೇಕು. ಕೋಟುಗಳ ಮೇಜಿಗೆ ಹಾಕಿದರೇ? ನೀನು ಬರೆಯುವ ತನಕ ಕಾಯೋಣವೆಂದಿದ್ದೆ, ತಡೆಯಲಾಗಲಿಲ್ಲ.

ಹದಿನೈದನೆಯ ತಾರೀಕು ಬೆಳಿಗ್ಗೆ ಎದ್ದಾಗ, ಇವತ್ತು ಅಲ್ಲಿ ಯಾರೋ ಡಾಕ್ಟರು ನನ್ನ ಮಗಳು ಹೊಲಿದದ್ದನ್ನು ಹಾಕಿಕೊಂಡು ನಡೆಯುತ್ತಾರೆ ಎನಿಸಿತು. ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಆಯಿತು. ಬಾಗಿಲ ಹಿಂದಿನಿಂದ ಕೋಟು ತೆಗೆದೆ. ನಿಮ್ಮತ್ತೆ ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ, “ಗುಂಡಿ ಹಾಕ್ಕೋ, ಗಾಳಿ ಇದೆ” ಎಂದಷ್ಟೇ ಹೇಳಿದರು.

ಕ್ಷೌರದಂಗಡಿ ದಾಟಿದೆ. ಕನ್ನಡಿ ಕಡೆ ನೋಡಲಿಲ್ಲ. ನಿಲ್ದಾಣದಲ್ಲಿ ದಿನಾ ಹಿಂದಿನ ಗೇಟಿನಿಂದ ನುಸುಳಿ ಗೂಡು ಸೇರುವವಳು, ಆವತ್ತು ಮುಂದಿನಿಂದ ಹೋದೆ. ಮೊದಲನೇ ಪ್ಲಾಟ್‌ಫಾರ್ಮಿನಿಂದ ಕೊನೆಯ ಪ್ಲಾಟ್‌ಫಾರ್ಮಿನವರೆಗೆ ನಡೆದು, ತಿರುಗಿ ಬಂದೆ. ಅಷ್ಟೇ ಕೆಲಸ ಎಂದು ನೀನೇ ಬರೆದಿದ್ದೆಯಲ್ಲ. ಎರಡೂ ಕಡೆ ಬೆಂಚುಗಳಲ್ಲಿ ಜನ ಇದ್ದೇ ಇದ್ದರು, ಗಂಟುಮೂಟೆ ಇಟ್ಟುಕೊಂಡು. ಎಲ್ಲರೂ ನೋಡಿದರು. ಅವರು ನೋಡುವ ಮೊದಲು ನಾನೇ ನೋಡಬೇಕು ಎಂಬ ನಿನ್ನ ಉಪಾಯವನ್ನು ಮಾಡಿ ನೋಡಿದೆ, ನಾಲ್ಕು ಜನರ ತನಕ ನಡೆಯಿತು, ಐದನೆಯವರು ನಕ್ಕಾಗ ಕಣ್ಣು ತಾನಾಗಿ ಕೆಳಗೆ ಹೋಯಿತು. ನಾಚಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ, ಜೊತೆಗೇ ನಡೆದು ಬಂತು.

ಕಂಟ್ರೋಲರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಮೈಕಮ್ಮಾ, ಎಲ್ಲಿ ಸಿಕ್ತು ಇದು?” ಎಂದರು.

“ನನ್ನ ಮಗಳು ಹೊಲಿದದ್ದು” ಎಂದೆ.

“ಹೊಲಿದದ್ದು ಕಾಣಿಸ್ತಾ ಇದೆ ಬಿಡಿ” ಎಂದರು. ಹಾಸ್ಯವೋ ಹೊಗಳಿಕೆಯೋ ಕೇಳಲಿಲ್ಲ.

ಈಗ ದಿನಾ ಹಾಕಿಕೊಳ್ಳುತ್ತೇನೆ. ಈ ಸಲ ಬೇಕಾದರೆ ನಿಮ್ಮತ್ತೆಯನ್ನೇ ಕೇಳು.

ಕಿಟಕಿ ಗಾಳಿಗೆ ಕೂರಬೇಡ.

ಅಮ್ಮ


ಜನವರಿ ೧೭

ಅಮ್ಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಇಷ್ಟು ದಿನ ಕಳೆದೆ. ಹೋದ ವಾರ ನಡೆದದ್ದಾದ ಮೇಲೆ ಬರೆಯದೆ ಇರಲಾಗುತ್ತಿಲ್ಲ. ನೀನು ನನ್ನನ್ನು ನೋಡಿದೆ ಎಂದು ನನಗೆ ಗೊತ್ತು. ನಾನೂ ನಿನ್ನನ್ನು ನೋಡಿದೆ ಎಂದು ನಿನಗೂ ಗೊತ್ತು.

ಬಟ್ಟೆ ಗಿರಣಿಗೆ ಹೋಗಿ ಹೊಸ ಬಟ್ಟೆ ನೋಡಿಕೊಂಡು ಬರಲು ನನ್ನನ್ನೂ ಡಾಕ್ಟರ ಮಗಳನ್ನೂ ಕಳಿಸಿದ್ದರು. ನಮ್ಮ ನಿಲ್ದಾಣದಲ್ಲೇ ಬಸ್ಸು ಬದಲಿಸಬೇಕಿತ್ತು. ನಿನಗೆ ಮೊದಲೇ ತಿಳಿಸಲಿಲ್ಲ. ಬೆಂಚಿನ ಮೇಲೆ ಕೂತು, ಗೂಡಿನ ಕಪ್ಪು ಗಾಜಿಗೆ ಬೆನ್ನು ಮಾಡಿ, ಬಸ್ಸು ಬೇಗ ಬರಲಿ ಎಂದುಕೊಳ್ಳುತ್ತಿದ್ದೆ. ಹತ್ತಿರದಲ್ಲೇ ಅಮ್ಮ ಇದ್ದಾಳೆ ಎಂದು ಅವಳಿಗೆ ಹೇಗೆ ಹೇಳಲಿ? ರೇಡಿಯೋದವರು ಇಲ್ಲೇನು ಮಾಡುತ್ತಾರೆ ಎಂದು ಕೇಳಿದರೆ ಏನು ಹೇಳಲಿ?

ಊಟದ ಹೊತ್ತಿಗೆ ನೀನು ಹೊರಗೆ ಬಂದೆ. ಮೊದಲು ನೋಡಿದ್ದು ಅವಳೇ. ನನ್ನ ಮೊಣಕೈ ತಿವಿದು, “ಏಯ್, ಆ ಕೋಟು ನೋಡೇ. ಕಪ್ಪಿಗೆ ಹಳದಿ ಹೊಲಿಗೆ. ಆ ಕಾಲರ್ ನಮ್ಮದೇ ಅಲ್ವಾ? ಯಾರೋ ಆಗಲೇ ಕದ್ದಿದ್ದಾರೆ” ಎಂದಳು. ನಾನು “ಇರಬಹುದು” ಎಂದೆ. ನೀನು ಜನರ ನಡುವೆ ಕತ್ತು ನೆಟ್ಟಗಿಟ್ಟುಕೊಂಡು ಬರುತ್ತಿದ್ದೆ. ಕೈ ಜೇಬಿನಲ್ಲಿತ್ತು. ನನ್ನನ್ನು ಕಂಡು ಒಂದು ಕ್ಷಣ ನಿಂತೆ. ನಿನ್ನ ಮುಖ ಅರಳಿತು. ಆಮೇಲೆ ನನ್ನ ಪಕ್ಕದವಳನ್ನು ನೋಡಿದೆ. ಮುಖ ಮತ್ತೆ ಮೊದಲಿನಂತಾಯಿತು. ನಮ್ಮನ್ನು ದಾಟಿ, ನಾವು ಯಾರೋ ಎಂಬಂತೆ, ಹಣ್ಣಿನ ಗಾಡಿಯ ಕಡೆ ನೋಡುತ್ತಾ ಹೋದೆ. ನೀನು ಹಾಗೆ ಹೋದದ್ದು ನನಗಾಗಿ ಎಂದು ಗೊತ್ತಿದ್ದೂ ನಾನು ಎದ್ದು ನಿಲ್ಲಲಿಲ್ಲ. ಕೂಗಲಿಲ್ಲ. ಕೋಟಿನ ಎಡತೋಳು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಹೋಯಿತು, ನಾನು ಚೀಲದಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

ಇಷ್ಟೆಲ್ಲ ಕತ್ತು ನೆಟ್ಟಗಿಡು, ಕೈ ಜೇಬಿಗೆ ಹಾಕು ಎಂದು ನಿನಗೆ ಬರೆದವಳು ನಾನು. ನಿನಗೆ ಹೇಳಿಲ್ಲ, ಕಂಪನಿಯ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಬರುವಾಗ ನಾನು ಮೇಲೊಂದು ಮಾಸಲು ಶಾಲು ಹೊದ್ದುಕೊಂಡೇ ಬರುತ್ತೇನೆ. ಅಂಗಡಿಯ ಬಾಗಿಲಲ್ಲಿ ತೆಗೆದು ಚೀಲಕ್ಕೆ ತುರುಕುತ್ತೇನೆ.

ನಾವು ಬಸ್ಸು ಹತ್ತಿದ ಮೇಲೆ ಮೈಕು ಬಂತು. ನಮ್ಮ ಬಸ್ಸು, ಅದು ಹೋಗುವ ಊರು, ನಡುವಿನ ಊರುಗಳು, ಎಲ್ಲ ಎಂದಿನ ಹಾಗೆ. ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತು ಬರೀ ಗೊರಗೊರ ಸದ್ದು. ಆಮೇಲೆ, “ಕಿಟಕಿಯ ಪಕ್ಕ ಕುಳಿತಿರುವವರು ದಯವಿಟ್ಟು ಗಾಜು ಮುಚ್ಚಿಕೊಳ್ಳಬೇಕು, ಗಾಳಿ ತಣ್ಣಗಿದೆ” ಎಂದೆ ನೀನು.

ಬಸ್ಸಿನಲ್ಲಿ ನಾಲ್ಕೈದು ಜನ ನಕ್ಕರು, ಗಾಜು ಎಳೆದುಕೊಂಡರು. ಡಾಕ್ಟರ ಮಗಳು, “ಎಷ್ಟು ಚೆನ್ನಾಗಿದೆ ಅಲ್ವಾ ಈ ಧ್ವನಿ? ಇಂಥ ಅನೌನ್ಸ್‌ಮೆಂಟ್ ಎಲ್ಲೂ ಕೇಳಿಲ್ಲ” ಎಂದಳು.

“ಅದು ನಮ್ಮಮ್ಮ” ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರೇಡಿಯೋ ಅಲ್ಲ, ಇದೇ, ಈ ಮೈಕೇ ಎಂದೆ. ಆ ಕಪ್ಪು ಕೋಟಿನವರೂ ಅವರೇ, ಕೋಟು ಹೊಲಿದದ್ದು ನಾನೇ ಎಂದೆ. ಅವಳು ಬೈಯಲಿಲ್ಲ, ನಗಲೂ ಇಲ್ಲ. “ಮತ್ತೆ ಯಾಕೆ ಮಾತಾಡಿಸಲಿಲ್ಲ?” ಎಂದು ಮಾತ್ರ ಕೇಳಿದಳು. ಬಸ್ಸು ಗೇಟು ದಾಟಿತ್ತು.

ಇಳಿದು ಓಡಿ ಬರಬಹುದಿತ್ತು. ಬರಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ಕೋಟುಗಳ ಮೇಜು ನನಗೆ ಸಿಕ್ಕಿದೆ. ಅದನ್ನು ಬರೆಯಲೂ ನಾಚಿಕೆಯಾಗುತ್ತಿದೆ.

ಮಿಣುಕಿ


ಜನವರಿ ೨೬

ಮಿಣುಕಿ,

ನೋವಾಗಲಿಲ್ಲ ಎಂದು ಬರೆದರೆ ಅದು ಕಂಟ್ರೋಲರ್ ಚೆನ್ನಾಗಿದೆ ಎಂದರು ಎಂದು ಬರೆದ ಸುಳ್ಳಿನ ಹಾಗೆಯೇ ಆಗುತ್ತದೆ. ನೋವಾಯಿತು. ಹಣ್ಣಿನ ಗಾಡಿಯ ಹತ್ತಿರ ಹೋಗಿ, ಬೇಡದ ಹಣ್ಣು ಕೊಂಡು, ಊಟ ಮಾಡದೆ ಗೂಡಿಗೆ ತಿರುಗಿ ಬಂದೆ. ಆದರೆ ನಿನ್ನ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ನಿನಗಿಂತ ಮೊದಲು ನನಗೆ ಗೊತ್ತಿತ್ತಲ್ಲ, ಅದೊಂದು ಸಮಾಧಾನ. ನೀನು ಕೂತದ್ದು ಕಿಟಕಿಯ ಪಕ್ಕ ಎಂದು ಕಪ್ಪು ಗಾಜಿನೊಳಗಿಂದ ಕಾಣುತ್ತಿತ್ತು. ಮೈಕಿನಲ್ಲಿ ಮಂಜೂರಾದ ಮಾತು ಬಿಟ್ಟು ಬೇರೆ ಮಾತಾಡಿದ್ದಕ್ಕೆ ಕಂಟ್ರೋಲರ್ ವಿವರಣೆ ಕೇಳಿದ್ದಾರೆ. ಪ್ರಯಾಣಿಕರ ಹಿತದೃಷ್ಟಿಯಿಂದ ಎಂದು ಬರೆದು ಕೊಟ್ಟೆ.

ನಿನ್ನ ಕಾಗದವನ್ನು ನಿಮ್ಮತ್ತೆಗೂ ಓದಿ ಹೇಳಿದೆ. ಅವರು ಎದ್ದು ಒಳಗೆ ಹೋಗಿ, ತಿರುಗಿ ಬಂದು, “ಊಟ ತನ್ನಿಷ್ಟ, ನೋಟ ಪರರಿಷ್ಟ ಅಂತಾರೆ. ನಿಮ್ಮಿಬ್ಬರಿಗೂ ಎರಡೂ ಗೊತ್ತಾಗಲಿಲ್ಲ” ಎಂದರು.

ಮೇಜು ಸಿಕ್ಕಿದ್ದಕ್ಕೆ ನಾಚಿಕೆ ಪಡಬೇಡ. ಅದಕ್ಕೆ ನೀನು ಕಷ್ಟಪಟ್ಟಿದ್ದೀಯ, ಹೊಲಿಗೆ ನೋಡಿದ್ದೇನೆ. ಉಳಿದದ್ದಕ್ಕೆ ಪಡು, ನಾನೂ ಪಡುತ್ತೇನೆ. ಶಾಲು ಮಾತ್ರ ಬಿಸಾಡಬೇಡ, ಅದು ಬೆಚ್ಚಗಿದೆ.

ಒಂದು ಕೆಲಸ ಇದೆ. ಎಡತೋಳಿನಲ್ಲಿ ನೀನು ಬಿಚ್ಚಿ ಮತ್ತೆ ಹೊಲಿದ ಜಾಗ ಬಾಯಿ ಬಿಟ್ಟಿದೆ, ದಿನಾ ಹಾಕಿ ಹಾಕಿ. ನಿಮ್ಮತ್ತೆ ಸೂಜಿಗೆ ಕಪ್ಪು ದಾರ ಪೋಣಿಸಿಕೊಂಡು ಬಂದಿದ್ದರು, ಬೇಡ ಎಂದೆ. ಇಲ್ಲಿನ ಅಂಗಡಿಗಳಲ್ಲಿ ಆ ಹಳದಿ ಸಿಗಲಿಲ್ಲ. ನಿನ್ನ ಹತ್ತಿರ ಅದೇ ರೀಲು ಇನ್ನೂ ಇದ್ದರೆ ತೆಗೆದುಕೊಂಡು ಬಾ. ನಾನು ಮುಂದಿನ ಗೇಟಿನ ಹತ್ತಿರ ನಿಂತಿರುತ್ತೇನೆ.

ಅಮ್ಮ